ಒಳಗೆ ಬಿಟ್ಟ ಬಟ್ಟೆ

ರವಿಕೆಯನ್ನು ಒಳಮೈ ಹೊರಗೆ ಮಾಡಿ ಹಿಡಿದಾಗ ಮೊದಲು ಕಂಡದ್ದು ಬಣ್ಣ. ಹೊರಗಡೆ ಬೆವರಿಗೆ, ಬಿಸಿಲಿಗೆ, ಒಗೆತಕ್ಕೆ ಮಾಸಿ ಸಪ್ಪೆಯಾಗಿದ್ದ ನೇರಳೆ, ಪಕ್ಕದ ಹೊಲಿಗೆಯ ಒಳಮಡಿಕೆಯಲ್ಲಿ ಮಾತ್ರ ನಿನ್ನೆ ಅಂಗಡಿಯಿಂದ ತಂದಂತೆ ಕಡುವಾಗಿತ್ತು. ಎರಡು ಬೆರಳು ಅಗಲದ ಬಟ್ಟೆ. ಅದರ ಮೇಲೆ ಒಂದರ ಪಕ್ಕ ಒಂದು ಮೂರು ಸಾಲು ಹೊಲಿಗೆ. ಮೂಗಿಗೆ ಹತ್ತಿರ ಹಿಡಿದರೆ ಮಿಷನ್ ಎಣ್ಣೆಯ ವಾಸನೆಯೂ ಬಂತು ಅನ್ನಿಸಿತು... ನನ್ನ ಊಹೆಯೇ ಇರಬೇಕು. ಇಷ್ಟು ವರ್ಷ ಯಾವ ಎಣ್ಣೆಯ ವಾಸನೆ ಉಳಿದೀತು?

ನಾಳೆ ಮಾಂಬಳ್ಳಿಯಲ್ಲಿ ಚಿಕ್ಕಮ್ಮನ ಮಗಳ ಮದುವೆ. ಅವ್ವ ಕೊಟ್ಟ ಕೊಳ್ಳೇಗಾಲದ ರೇಷ್ಮೆ ಸೀರೆಯನ್ನು ಉಡಬೇಕೆಂದು ತೆಗೆದಿಟ್ಟಿದ್ದೆ. ಹನೂರಿನ ಈ ಬಾಡಿಗೆ ರೂಮಿನ ಕನ್ನಡಿಯ ಮುಂದೆ ನಿಂತು ರವಿಕೆ ಹಾಕಿ ನೋಡಿದರೆ ಹುಕ್ಕು ಕೂಡಲಿಲ್ಲ. ಉಸಿರು ಬಿಗಿಹಿಡಿದರೂ ಕೂಡಲಿಲ್ಲ. ಒಳಗೇನಾದರೂ ಬಟ್ಟೆ ಬಿಟ್ಟಿದೆಯೇ ಎಂದು ನೋಡುವ ಯೋಚನೆ ಎಷ್ಟೋ ಹೊತ್ತಿನ ಮೇಲೆ ಬಂತು. ಇರುವುದಿಲ್ಲ ಎಂದು ನನಗೆ ಖಾತ್ರಿ ಇತ್ತು. ಬಿಡಬೇಡ ಎಂದು ಹೇಳಿದವಳೇ ನಾನು. ಬಿಡುವುದಿಲ್ಲ ಎಂದು ಒಪ್ಪಿದ್ದವಳು ಮಿಷನ್ ದೊಡ್ಡವ್ವ.

ಕೊಳ್ಳೇಗಾಲದಲ್ಲಿ ನಮ್ಮ ಮನೆಗೆ ಎದುರು ಮನೆ ಅವಳದು. ನೆಂಟಸ್ತಿಕೆ ಏನೂ ಇರಲಿಲ್ಲ. ಬೀದಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು, ದೊಡ್ಡವರೂ ಅದನ್ನೇ ಹಿಡಿದುಕೊಂಡಿದ್ದರು. ಅವಳ ಜಗುಲಿಯ ಮೇಲೆ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನಿತ್ತು. ಪಕ್ಕದ ಬೀದಿಯಿಂದ ಮಗ್ಗದ ಸದ್ದು, ನಮ್ಮ ಬೀದಿಯಲ್ಲಿ ಇವಳ ಮಿಷನ್ನಿನ ಸದ್ದು. ಗಂಡ ಬೇಗ ತೀರಿಕೊಂಡ ಮೇಲೆ ಅದನ್ನು ತುಳಿದೇ ಮಗಳನ್ನು ಬೆಳೆಸಿ, ಯಳಂದೂರಿಗೆ ಮದುವೆ ಮಾಡಿ ಕೊಟ್ಟಿದ್ದಳು.

ಯಾರ ಬಟ್ಟೆಯಾದರೂ ಸರಿ, ಒಳಗೆ ಒಂದಿಷ್ಟು ಬಿಟ್ಟೇ ಹೊಲಿಯುವುದು ಅವಳ ಪದ್ಧತಿ. ನಮ್ಮ ಸ್ಕೂಲಿನ ಲಂಗದ ಅಂಚನ್ನು ಅಗಲವಾಗಿ ಒಳಕ್ಕೆ ಮಡಿಸುತ್ತಿದ್ದಳು. ವರ್ಷಕ್ಕೊಮ್ಮೆ ಒಂದು ಮಡಿಕೆ ಬಿಚ್ಚಿದರೆ ಲಂಗ ಮತ್ತೆ ಮೊಣಕಾಲು ಮುಚ್ಚುತ್ತಿತ್ತು. ಮದುವೆ ಗೊತ್ತಾದ ಹುಡುಗಿಯರು ಅಳತೆ ಕೊಡಲು ಬಂದು, "ಬಿಗಿಯಾಗೇ ಇರ್ಲಿ ದೊಡ್ಡವ್ವ, ಒಳಗೆ ಬಟ್ಟೆ ಬುಟ್ರೆ ಉಬ್ಬಿಕೊಂಡು ಕಾಣ್ತದ" ಅನ್ನುವರು. ಅವಳು ಬಾಯಲ್ಲಿ ದಾರ ಕಚ್ಚಿಕೊಂಡೇ, "ವರ್ಷಕ್ಕೆಲ್ಲ ಬಿಚ್ಚುಸ್ಕಳಕ್ಕೆ ಬತ್ತೀಯ, ನೋಡ್ತಿರು" ಎಂದು ನಗುವಳು. ಯಾರೂ ಒಪ್ಪುತ್ತಿರಲಿಲ್ಲ. ಮೈ ಈಗ ಹೇಗಿದೆಯೋ ಇನ್ನು ಮೇಲೂ ಹಾಗೇ ಇರುತ್ತದೆ ಎಂದು ಎಲ್ಲರಿಗೂ ಗಟ್ಟಿ ನಂಬಿಕೆ.

ಊರಿನವರಿಗೆಲ್ಲ ಹೀಗೆ ಬಿಟ್ಟು ಹೊಲಿಯುತ್ತಿದ್ದವಳು ತನ್ನ ವಿಷಯದಲ್ಲಿ ಮಾತ್ರ ಒಂದು ಬೆರಳೂ ಬಿಟ್ಟುಕೊಂಡಿರಲಿಲ್ಲ. ಯಾವುದೋ ದೀಪಾವಳಿಗೆ ರಾಶಿ ಬಟ್ಟೆ ಬಿದ್ದು, ಸೊಂಟ ಹಿಡಿದುಕೊಂಡು, ಹೊಲಿದು ಮುಗಿಸಿದ ಮೇಲೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿ ಮಾತು ಕೊಟ್ಟು ಬಂದಿದ್ದಳಂತೆ. ಅದನ್ನು ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದಳು: "ಅರವತ್ತು ಆಗೋಗಂಟ ತುಳೀತೀನಿ. ಆಮೇಲೆ ಮಿಷನ್ ಮುಟ್ಟಲ್ಲ. ಬೆಟ್ಟಕ್ಕೋಗಿ ದಾಸೋಹದಲ್ಲಿ ಅಕ್ಕಿ ಆರುಸ್ಕಂಡು ಕುಂತ್ಕಬುಡ್ತೀನಿ."

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಅವಳಿಗೆ ಅರವತ್ತಾಯಿತು. ಯಾರೂ ನೆನಪಿಸಬೇಕಾಗಲಿಲ್ಲ. ಬಟ್ಟೆಗಳನ್ನೆಲ್ಲ ಹೊಲಿದು ಕೊಟ್ಟು, ಮನೆಗೆ ಬೀಗ ಹಾಕಿ, ಮಿಷನ್ನನ್ನು ನಮ್ಮ ಮನೆಗೆ ತಂದು ಇಳಿಸಿದಳು. ಮಾರಬಹುದಿತ್ತು, ಕೇಳಿದವರೂ ಇದ್ದರು. ಅವಳು ಅವ್ವನಿಗೆ, "ನಿನ್ ಮಗಳಿಗೆ ಇರ್ಲಿ ಕಣವ್ವ" ಅಂದಳು.

"ನಾನು ಈ ಜನ್ಮದಲ್ಲಿ ಸೂಜಿ ಹಿಡಿಯಲ್ಲ ದೊಡ್ಡವ್ವ" ಅಂದೆ ನಾನು.

"ಹಿಡೀಬ್ಯಾಡ ಬುಡು. ಮೂಲೇಲಿ ಇರ್ಲಿ."

ನಾನು ಆಗಲೂ ಡೈರಿ ಬರೆಯುತ್ತಿದ್ದೆ. ಓದಿದ ಪುಟ, ತಪ್ಪಿದ ಬಸ್ಸು, ನನ್ನ ತೂಕ, ಎಲ್ಲವನ್ನೂ ದಿನಾಂಕ ಹಾಕಿ ಬರೆದು, ತಿಂಗಳ ಕೊನೆಗೆ ಕೂಡಿಸಿ ನೋಡುವ ಹುಚ್ಚು. ಮುಂದೆ ಯಾವ ವಯಸ್ಸಿಗೆ ಏನಾಗಿರುತ್ತೇನೆ, ಎಲ್ಲಿರುತ್ತೇನೆ ಎಂಬುದನ್ನೂ ಬರೆದಿಟ್ಟಿದ್ದೆ. ಅದರಲ್ಲಿ ಮೈಸೂರು ಬಿಟ್ಟು ಬೇರೆ ಊರಿನ ಹೆಸರಿಲ್ಲ. ಹಾಗೆ ಬರೆಯುವವಳಿಗೆ ದೊಡ್ಡವ್ವನನ್ನು ಕಂಡು ಸಂತೋಷವಾಗಿತ್ತು. ಅಷ್ಟು ವರ್ಷದ ಹಿಂದೆ ಅಂದುಕೊಂಡದ್ದನ್ನು ಅಂದುಕೊಂಡ ಹೊತ್ತಿಗೆ ಮಾಡಿದವಳು! ಅವಳ ಮಿಷನ್ನನ್ನು ಓದುವ ಮೇಜು ಮಾಡಿಕೊಂಡು, ಅದರ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಪೇರಿಸಿದೆ.

ತಿಂಗಳು ತುಂಬುವ ಮೊದಲೇ ಎದುರು ಮನೆಯ ಬೀಗ ತೆಗೆದಿತ್ತು.

"ಚಳಿ ಕಣವ್ವ ಅಲ್ಲಿ" ಎಂದು ಅವ್ವನಿಗೆ ಹೇಳಿದಳು. ಮಾರನೆಯ ದಿನ ಬೇರೆ ಯಾರಿಗೋ ಮಂಡಿನೋವು ಎಂದು ಹೇಳಿದ್ದು ಕೇಳಿಸಿತು. ಬೀದಿಯ ಕೊನೆಯಲ್ಲಿ ಹಿಟ್ಟಿನ ಗಿರಣಿ ನಡೆಸುವವನು ಮಾತ್ರ ಬಿಡಲಿಲ್ಲ. "ಏನ್ ದೊಡ್ಡವ್ವ, ದಾಸೋಹದ ಅಕ್ಕೀಲಿ ಕಲ್ಲೇ ಇರ್ನಿಲ್ವಾ?" ಎಂದು ಎಲ್ಲರ ಎದುರು ಕೇಳಿದ. ಯಾರಿಗೂ ಮಾತಿನಲ್ಲಿ ಸೋಲದವಳು ಅವತ್ತು ಸೀದಾ ಒಳಗೆ ಹೋದಳು.

ಆಮೇಲೆ ಸಂಜೆ ನಮ್ಮ ಮನೆಗೆ ಬರಲು ಶುರುಮಾಡಿದಳು. ಕೈಯಲ್ಲಿ ಮೂತಿ ಉದ್ದನೆಯ ಪುಟ್ಟ ಎಣ್ಣೆ ಡಬ್ಬಿ. "ಮಿಷನ್ನು ಸುಮ್ನೆ ಬಿದ್ದಿದ್ರೆ ತುಕ್ಕು ಹಿಡೀತದ, ಒಂದು ತೊಟ್ಟು ಎಣ್ಣೆ ಬುಟ್ಟು ಓಯ್ತೀನಿ." ನನ್ನ ಪುಸ್ತಕಗಳನ್ನು ಒಂದೊಂದಾಗಿ ಕೆಳಗಿಟ್ಟು, ಎಣ್ಣೆ ಬಿಟ್ಟು, ಚಕ್ರವನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಹಳೆ ಬಟ್ಟೆಯಲ್ಲಿ ಒರೆಸಿ, ಪುಸ್ತಕಗಳನ್ನು ಮತ್ತೆ ಹಾಗೇ ಪೇರಿಸಿ ಹೋಗುವಳು. ಭಾನುವಾರ ಡೈರಿ ತಿರುವಿ ನೋಡಿದರೆ ದಿನವೂ ಒಂದೇ ಸಾಲು: ದೊಡ್ಡವ್ವ, ಎಣ್ಣೆ. ದೊಡ್ಡವ್ವ, ಎಣ್ಣೆ. ಓಡದ ಮಿಷನ್ನಿಗೆ ಇಷ್ಟೊಂದು ಎಣ್ಣೆ ಯಾಕೆ ಎಂದು ಅವ್ವನನ್ನು ಕೇಳಿದೆ.

"ನಿನ್ ಬಾಯ್ಗೆ ಬೀಗ ಹಾಕು" ಅಂದಳು ಅವ್ವ. "ಊರಿಗೆಲ್ಲ ಏಳ್ಕಂಡು ಬೆಟ್ಟಕ್ಕೋದೋಳು. ಮಾದಪ್ಪಂಗೆ ಬೇರೆ ಮಾತು ಕೊಟ್ಟವ್ಳೆ. ಈಗ ವಾಪಸ್ ಕೊಡು ಅಂತ ಯಾವ ಬಾಯಲ್ಲಿ ಕೇಳಾಳು?"

ಅಷ್ಟಾಗಿಯೂ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಒಂದು ಮಧ್ಯಾಹ್ನ ಓದುತ್ತಾ ಕುಳಿತವಳು ನನಗೇ ತಿಳಿಯದೆ ಕಾಲನ್ನು ಮಿಷನ್ನಿನ ತುಳಿಹಲಗೆಯ ಮೇಲಿಟ್ಟು ಆಡಿಸುತ್ತಿದ್ದೆ. ಬೆಲ್ಟು ತಿರುಗಿ ಸೂಜಿ ಬರಿದೇ ಕಟಕಟ ಎಂದು ಕುಟ್ಟುತ್ತಿತ್ತು. ಎದುರು ಮನೆಯ ಬಾಗಿಲು ಧಡಾರನೆ ತೆಗೆದ ಸದ್ದಾಯಿತು. ದೊಡ್ಡವ್ವ ಚಪ್ಪಲಿಯನ್ನೂ ಮೆಟ್ಟದೆ ಬೀದಿ ದಾಟಿ ಬಂದಿದ್ದಳು.

"ಯಾರು ತುಳೀತಾ ಇರೋದು? ದಾರ ಇಲ್ಲ, ಬಟ್ಟೆ ಇಲ್ಲ, ಸುಮ್ನೆ ತುಳೀತಾರೇನಮ್ಮಿ? ಎದ್ದೇಳು!"

ನಾನು ಎದ್ದೆ. ಅವಳು ಕುಳಿತಳು. ಕಾಲು ಅದರಷ್ಟಕ್ಕೆ ಹಲಗೆಯ ಮೇಲೆ ಹೋಯಿತು, ಆದರೆ ತುಳಿಯಲಿಲ್ಲ. ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಅಲ್ಲೂ ಇದೇ ಆಯ್ತು" ಅಂದಳು, ಮೆಲ್ಲಗೆ. "ದರ್ಶನಕ್ಕೆ ಸಾಲಲ್ಲಿ ನಿಂತ್ರೆ ಮಾದಪ್ಪ ಎಲ್ಲಿ ಕಾಣ್ತಾನ? ಮುಂದಿರೋಳ ಬೆನ್ನೇ ಕಾಣ್ತಿತ್ತು. ಒಬ್ಬಳ ತೋಳು ಜಗ್ಗಿಕಂಡದ, ಇನ್ನೊಬ್ಬಳ ಕತ್ತು ವಾರೆ. ಕೈ ಮುಗುದ್ರೂ ಅದೇ, ಅಕ್ಕಿ ಆರುಸುದ್ರೂ ಅದೇ. ಕಾಲು ಬೇರೆ ಸುಮ್ನಿರ್ನಿಲ್ಲ, ಕುಂತಕಡೆ ತುಳೀತಿತ್ತು."

"ಹಂಗಾದ್ರೆ ತಕೊಂಡೋಗು ದೊಡ್ಡವ್ವ, ನಂಗ್ಯಾಕೆ ಇದು?"

"ಮಾತು ಕೊಟ್ಟಿವ್ನಿ ಕಣಮ್ಮಿ."

"ಯಾವಾಗ ಕೊಟ್ಟಿದ್ದು?" ನನಗೆ ಎಲ್ಲದಕ್ಕೂ ದಿನಾಂಕ ಬೇಕು. ಬೇರೆ ಉದ್ದೇಶವಿಟ್ಟುಕೊಂಡು ಕೇಳಿದ ಪ್ರಶ್ನೆಯಲ್ಲ ಅದು.

"ನನ್ ಮಗಳು ಲಂಗ ಹಾಕ್ತಿದ್ಲು ಆಗ. ನಂಗೆ ಮೂವತ್ತೈದೋ ಏನೋ..." ಅಂದವಳು ಅಲ್ಲಿಗೇ ನಿಲ್ಲಿಸಿದಳು. ಮಿಷನ್ನಿನ ಮೇಲ್ಹಲಗೆಯ ಮೇಲೆ ಕೈಯಾಡಿಸಿ, ಎದ್ದು ಹೋದಳು. ಅವತ್ತು ಸಂಜೆ ಎಣ್ಣೆ ಬಿಡಲು ಬರಲಿಲ್ಲ.

ಮಾರನೆಯ ಬೆಳಿಗ್ಗೆ ಬಂದಳು. ತಲೆ ಬಾಚಿ, ಹೂ ಮುಡಿಯುವ ಹಾಗಿದ್ದರೆ ಮುಡಿದೇ ಬರುತ್ತಿದ್ದಳೇನೋ, ಅಷ್ಟು ಅಚ್ಚುಕಟ್ಟಾಗಿದ್ದಳು.

"ಮಿಷನ್ ತಕಂಡೋಯ್ತೀನಿ ಕಣವ್ವ" ಎಂದಳು ಅವ್ವನಿಗೆ. "ಯೋಚ್ನೆ ಮಾಡ್ದೆ. ಆ ಮಾತು ಕೊಟ್ಟೋಳು ಮೂವತ್ತೈದು ವರ್ಷದೋಳು. ಅವಳ್ಗೆ ಸೊಂಟ ನೋಯ್ತಿತ್ತು, ಅರವತ್ತು ಅಂದ್ರೆ ಮುದುಕಿ ಅನ್ಕಂಡಿದ್ಲು. ಅವಳು ನನ್ ಅಳತೆ ತಕಂಡಿರ್ನಿಲ್ಲ."

"ಮಾದಪ್ಪಂಗೆ?" ಎಂದಳು ಅವ್ವ.

"ಬರೋ ಅಮಾಸೆಗೆ ಓಗಿ ನಾನೇ ಏಳ್ತೀನಿ. ಎದುರಿಗೆ ನಿಂತ್ಕಂಡು ಏಳ್ತೀನಿ. ಕದ್ದು ಮುಚ್ಚಿ ತುಳಿಯಾದು ನನ್ ಕೈಲಿ ಆಗಲ್ಲ."

ಕತ್ತಲಾದ ಮೇಲೆ ಸಾಗಿಸೋಣ, ಯಾರೂ ಇರುವುದಿಲ್ಲ ಎಂದು ಅವ್ವ ಅಂದಳು. ದೊಡ್ಡವ್ವ ಒಪ್ಪಲಿಲ್ಲ. ಹಾಲಿನವರು, ಸ್ಕೂಲಿನ ಮಕ್ಕಳು, ಗಿರಣಿಗೆ ರಾಗಿ ತಂದವರು, ಬೀದಿ ತುಂಬ ಜನ ಇರುವ ಹೊತ್ತಿನಲ್ಲೇ ಅವಳು ಒಂದು ಕಡೆ, ನಾನು ಒಂದು ಕಡೆ ಹಿಡಿದು ಎತ್ತಿದೆವು. ಕಬ್ಬಿಣದ ಕಾಲುಗಳ ಭಾರ ಎಷ್ಟೆಂದು ನನಗೆ ಅವತ್ತೇ ಗೊತ್ತಾದದ್ದು. ಬೀದಿಯ ನಡುವೆ ಬಂದಾಗ ಗಿರಣಿಯವನು ಬಾಗಿಲಿಗೆ ಬಂದು ನಿಂತ.

"ಏನ್ ದೊಡ್ಡವ್ವ, ಮಾದಪ್ಪ ವಾಪಸ್ ಕಳ್ಸಿಬುಟ್ನಾ?"

ಅವಳು ಮಿಷನ್ನನ್ನು ಬೀದಿಯಲ್ಲೇ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಊ ಕಣ್ಲಾ. ಗಿರಣಿಯೋನ ಚಡ್ಡಿ ಹರಿದೋಗದ, ನಿನ್ ಕೈ ಬುಟ್ರೆ ಯಾರೂ ಹೊಲಿಯಕ್ಕಾಗಲ್ಲ ಓಗು ಅಂದ."

ಬೀದಿಯೆಲ್ಲ ನಕ್ಕಿತು. ಅವನೂ ನಕ್ಕ. ಮೈಮೇಲಿನ ಹಿಟ್ಟು ಕೊಡವಿಕೊಂಡು ಬಂದು, "ಸರಿ ಅತ್ಲಾಗೆ, ಸೊಂಟ ಮುರ್ಕಂಡೀಯ" ಎಂದು ಅವಳ ಕಡೆಯನ್ನು ಅವನೇ ಹಿಡಿದು ಜಗುಲಿಯ ಮೇಲೆ ಇಳಿಸಿದ. ಅಮಾವಾಸ್ಯೆಗೆ ಅವಳು ಬೆಟ್ಟಕ್ಕೂ ಹೋಗಿ ಬಂದಳು. ಅಲ್ಲಿ ಏನು ಹೇಳಿದಳೋ ನಮಗೆ ಹೇಳಲಿಲ್ಲ.

ವಾಪಸ್ಸಾದ ಮಿಷನ್ನಿನಲ್ಲಿ ಹೊಲಿದ ಮೊದಲ ರವಿಕೆ ನನ್ನದು, ಈ ನೇರಳೆ ರವಿಕೆ. ನನ್ನ ಮೊದಲ ರೇಷ್ಮೆ ಸೀರೆಗೆ. ಅಳತೆ ಹಿಡಿದು, "ಒಳಗೆ ಎಷ್ಟು ಬುಡ್ಲಿ?" ಎಂದು ಕೇಳಿದಳು. ಒಂದು ಬೆರಳೂ ಬೇಡ ಅಂದೆ. ಮೂರು ವರ್ಷದಿಂದ ನನ್ನ ತೂಕ ಬದಲಾಗಿಲ್ಲ, ಬರೆದಿಟ್ಟಿದ್ದೇನೆ, ಇನ್ನು ಮೇಲೂ ಬದಲಾಗುವುದಿಲ್ಲ ಎಂದು ಲೆಕ್ಕ ಸಮೇತ ಹೇಳಿದೆ. ಕಣ್ಣೆದುರು ನಡೆದದ್ದೆಲ್ಲ ಅವಳಿಗೆ ಸಂಬಂಧಪಟ್ಟದ್ದು, ನನಗಲ್ಲ ಎಂದೇ ತಿಳಿದಿದ್ದೆ.

ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡು ನನ್ನನ್ನೇ ನೋಡಿದಳು. "ಬೆಟ್ಟದಿಂದ ಓಡಿಬಂದೋಳ ಎದುರಿಗೇ ನಿಂತ್ಕಂಡು ಏಳ್ತಾವ್ಳಲ್ಲ" ಎಂದು ನಕ್ಕಳು. ಆಮೇಲೆ, "ಆಯ್ತು ಬುಡು, ಬುಡಲ್ಲ" ಅಂದಳು.

ಆಮೇಲೂ ಹಲವು ವರ್ಷ ತುಳಿದಳು. ಇನ್ನೆಷ್ಟು ದಿನ ದೊಡ್ಡವ್ವ ಎಂದು ಯಾರಾದರೂ ಕೇಳಿದರೆ, "ನಂಗೇನ್ ಗೊತ್ತು? ಆಗ ಇರೋಳ್ನ ಕೇಳು" ಅನ್ನುತ್ತಿದ್ದಳು. ಒಂದು ದಿನ ಸೂಜಿಗೆ ದಾರ ಪೋಣಿಸಲು ಆಗದೆ ಹೋದಾಗ ಯಾರಿಗೂ ಏನೂ ಸಾರದೆ, ಮಿಷನ್ನಿಗೆ ಬಟ್ಟೆ ಹೊದಿಸಿ, ಅದನ್ನೂ ಜೊತೆಗೆ ಹೇರಿಸಿಕೊಂಡು ಯಳಂದೂರಿನ ಮಗಳ ಮನೆಗೆ ಹೋದಳು. ಅಲ್ಲಿಂದ ಸುದ್ದಿ ಬಂದ ದಿನ ನಾನು ಹನೂರಿನ ಆಫೀಸಿನಲ್ಲಿದ್ದೆ. ಮೈಸೂರಲ್ಲಿ ಅಲ್ಲ. ನನಗೆ ಕೆಲಸ ಸಿಕ್ಕಿದ್ದು ಇಲ್ಲಿ, ಮತ್ತೆ ವರ್ಗಾವಣೆ ಕೇಳುವ ಅವಕಾಶ ಬಂದಾಗ ಬೇಡ ಅಂದವಳೂ ನಾನೇ. ಹೊರಟು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು... ಮಗಳ ಮನೆಯ ಪಡಸಾಲೆಯಲ್ಲಿ ಮಿಷನ್ನು ಮಾತ್ರ ಇತ್ತು, ಅದೇ ಬಟ್ಟೆ ಹೊದ್ದುಕೊಂಡು. ಕಾಲಿನ ಹಲಗೆಯ ನಡುವೆ ಕಬ್ಬಿಣ ಸವೆದು ಹೊಳೆಯುತ್ತಿತ್ತು.

ಅವಳು ಬಟ್ಟೆ ಬಿಟ್ಟಿದ್ದಾಳೆಂದು ಅವತ್ತೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಇದ್ದಾಗಲೇ ಹೋಗಿ ಜಗಳವಾಡುತ್ತಿದ್ದೆ. ಬುಡಲ್ಲ ಅಂದಿದ್ದೆಯಲ್ಲ ದೊಡ್ಡವ್ವ ಅನ್ನುತ್ತಿದ್ದೆ. ಅವಳೂ ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ. ಆ ಜಗಳ ಇನ್ನು ಆಗುವುದಿಲ್ಲ.

ಈಗ ರೂಮಿನ ಹೊರಗೆ ಬೆಟ್ಟದ ಬಸ್ಸು ಹೋದ ಸದ್ದು. ಜನ್ಮದಲ್ಲಿ ಹಿಡಿಯುವುದಿಲ್ಲ ಅಂದಿದ್ದ ಸೂಜಿಯನ್ನು ಹಿಡಿದು ದೀಪದ ಕೆಳಗೆ ಕುಳಿತಿದ್ದೇನೆ. ಹೊಲಿಗೆ ಗಟ್ಟಿಯಾಗಿದೆ, ಒಂದೊಂದೇ ಎಳೆಯನ್ನು ಎಬ್ಬಿಸಿ ಕತ್ತರಿಸಬೇಕು. ಬಟ್ಟೆ ಹರಿಯಬಾರದು. ನಾಳೆ ಇದನ್ನೇ ತೊಡಬೇಕೆಂದು ನಿರ್ಧರಿಸಿದ್ದೇನೆ. ಮಾಂಬಳ್ಳಿಯಲ್ಲಿ ಮದುವೆ ಮುಗಿದ ಮೇಲೆ ಯಳಂದೂರಿಗೆ ಹೋಗಿ, ಅವಳ ಮಗಳಿಗೂ ತೋರಿಸಿ ಬರಬೇಕು.

ಮೊದಲ ಸಾಲು ಪೂರ್ತಿ ಬಿಚ್ಚಿ, ಹಾಕಿ ನೋಡಿದೆ. ಹುಕ್ಕು ಕೂಡಿತು. ಕಂಕುಳ ಕೆಳಗೆ ಕಡುನೇರಳೆಯ ಒಂದು ಗೆರೆ ಹೊರಗೆ ಬಂದಿದೆ. ಹಳೆಯ ಬಣ್ಣಕ್ಕೆ ಅದು ಹೊಂದುವುದಿಲ್ಲ, ಕಾಣಲಿ. ಈಗ ರವಿಕೆ ನಿಂತಿರುವುದು ಎರಡನೆಯ ಸಾಲಿನ ಮೇಲೆ. ಅದರ ಆಚೆ ಇನ್ನೊಂದು ಸಾಲು ಇದೆ. ಅದನ್ನು ಮುಟ್ಟಲಿಲ್ಲ. ಅದು ಆಗ ಇರುವವಳಿಗೆ.