ಮುಚ್ಚಿದ ಮೂರನೆಯ ಗುಂಡಿ

ನಾನು ಸೊಸೆಯಾಗಿ ಹೋದ ಗೌರಿಬಿದನೂರಿನ ಮನೆಗೆ ಊರಾಚೆ ಹೊಳೆಯ ಪಕ್ಕ ಜಮೀನಿತ್ತು. ಪೇಟೆಯ ಚರಂಡಿಗಳೆಲ್ಲ ಕೊನೆಗೆ ಬಂದು ಸೇರುತ್ತಿದ್ದದ್ದು ಆ ಜಮೀನಿನ ಅಂಚಿಗೆ. ಅಲ್ಲಿ ಪುರಸಭೆಯವರು ಒಂದರ ಕೆಳಗೊಂದು ಮೂರು ಗುಂಡಿ ತೋಡಿಸಿದ್ದರು. ಮೊದಲನೆಯದರಲ್ಲಿ ದಪ್ಪ ಕೆಸರು ತಳ ಸೇರುತ್ತಿತ್ತು, ಎರಡನೆಯದರಲ್ಲಿ ಉಳಿದದ್ದು. ಮೂರನೆಯದಕ್ಕೆ ಜಲ್ಲಿ, ಮರಳು ತುಂಬಿ ಜೊಂಡು ಬೆಳೆಸಿದ್ದರು. ಅದರಲ್ಲಿ ಸೋಸಿ ಬಂದ ಮೇಲೆಯೇ ನೀರು ಹೊಳೆಗೆ ಇಳಿಯಬೇಕು. ಗುಂಡಿಗಳನ್ನು ನೋಡಿಕೊಳ್ಳುವ ಹೊಣೆ ಮಾವನವರದು. ಬದಲಿಗೆ ಕೆಸರೆಲ್ಲ ಅವರ ಹೊಲಕ್ಕೆ ಗೊಬ್ಬರ. ಪೇಟೆಯ ಹೇಸಿಗೆಯಿಂದಲೇ ನಮ್ಮ ರಾಗಿ ತೆನೆ ತೂಗುವುದು ಎಂದರೆ ಅತ್ತೆಗೆ ಸಿಟ್ಟು ಬರುತ್ತಿತ್ತು, ಆದರೆ ಮಾತು ನಿಜ.

ನನ್ನ ತವರು ಅದೇ ಹೊಳೆಯ ಕೆಳಗೆ, ವಿದುರಾಶ್ವತ್ಥಕ್ಕೆ ಹೋಗುವ ದಾರಿಯಲ್ಲಿ. ಊರ ಬಾವಿಯ ನೀರು ಉಪ್ಪು. ಬೇಸಿಗೆಯಲ್ಲಿ ಹೆಂಗಸರು ಒಣಗಿದ ಹೊಳೆಗಿಳಿದು, ಮರಳಲ್ಲಿ ಮೊಣಕೈ ಆಳದ ಚಿಲುಮೆ ತೋಡಿ, ಒಸರಿದ ನೀರು ತುಂಬಿಕೊಂಡು ಬರುತ್ತಿದ್ದರು.

ನಾನು ಚೊಚ್ಚಲ ಬಸುರಿಯಾಗಿದ್ದ ಬೇಸಿಗೆಯಲ್ಲಿ ಮಾವನವರು ಮೂರನೆಯ ಗುಂಡಿಯನ್ನು ಮುಚ್ಚಿ ಕಬ್ಬು ನೆಟ್ಟರು. ಅಷ್ಟು ಒಳ್ಳೆಯ ಜಾಗವನ್ನು ಜೊಂಡಿಗೆ ಬಿಟ್ಟದ್ದು ಅವರ ಹೊಟ್ಟೆ ಉರಿಸುತ್ತಿತ್ತು. ಎರಡನೆಯದರಿಂದಲೇ ಕಾಲುವೆ ಕಡಿದು ಹೊಳೆಗೆ ಬಿಟ್ಟರು. ಬುತ್ತಿ ಕೊಡಲು ಹೋದ ನಾನು ಕಣ್ಣಾರೆ ಕಂಡೆ: ಕಪ್ಪು ನೀರು ಮರಳಿಗಿಳಿದು ಮಾಯವಾಗುತ್ತಿತ್ತು. ಮಾವನ ಎದುರು ನಿಂತು ಮಾತಾಡುವ ರೂಢಿ ಆ ಮನೆಯ ಸೊಸೆಯರಿಗಿರಲಿಲ್ಲ. ಬಾಗಿಲ ಮರೆಯಿಂದಲೇ, ಕೆಳಗಿನ ಊರಿನವರು ಕುಡಿಯುವ ನೀರು ಅದು ಎಂದೆ. ಅವರು ಬೈಯಲಿಲ್ಲ, ನಕ್ಕರು.

“ಮರಳು ಸೋಸದೇ ಇರೋ ಕೊಳೆ ಯಾವ್ದಮ್ಮಾ ಇದೆ? ನಿಮ್ಮೂರು ಸೇರೋ ಹೊತ್ಗೆ ಎಳನೀರಾಗಿರ್ತದೆ.”

ಗಂಡನಿಗೆ ಹೇಳಿದೆ. ಅಪ್ಪನಿಗೆ ಎದುರಾಡಲಾರೆ ಎಂದರು. ಪುರಸಭೆಗೆ ದೂರು ಹೋದರೆ ಬಾಯಿಬಿಟ್ಟವಳು ನಾನೇ ಎಂದು ತಿಳಿಯಲು ಗಳಿಗೆ ಸಾಕು. ಹೆರಿಗೆಗೆಂದು ತವರಿಗೆ ಹೋದವಳನ್ನು ಮತ್ತೆ ಕರೆಸಿಕೊಳ್ಳುವವರು ಯಾರು? ಅತ್ತ ದರಿ, ಇತ್ತ ಪುಲಿ. ಹೊಟ್ಟೆಯಲ್ಲಿ ಮಗು ಒದ್ದಾಗಲೂ ನನಗೆ ಸಂತೋಷವಾಗುತ್ತಿರಲಿಲ್ಲ, ಹೆದರಿಕೆಯಾಗುತ್ತಿತ್ತು.

ಏಳು ತುಂಬಿದ ಮೇಲೆ ಅಮ್ಮ ಬಂದು ಕರೆದುಕೊಂಡು ಹೋದಳು. ಗಾಡಿಯಲ್ಲಿ ದಾರಿಯುದ್ದಕ್ಕೂ ಬೇರೆಲ್ಲ ಮಾತಾಡಿದೆ, ಇದೊಂದನ್ನು ಹೇಳಲಿಲ್ಲ. ತವರಲ್ಲಿ ನೀರು ಕಾಯಿಸಿಯೇ ಕುಡಿಯತೊಡಗಿದೆ. ಡಾಕ್ಟರು ಹೇಳಿದ್ದಾರೆ ಎಂದು ಸುಳ್ಳು ಹೇಳಿದೆ. ಎದುರುಮನೆಯ ಅಜ್ಜಿ, ನಾನು ಹುಟ್ಟುವಾಗ ಅಮ್ಮನ ಹೆರಿಗೆ ಮಾಡಿಸಿದವಳು, ನನ್ನ ಮಗುವನ್ನೂ ಎತ್ತಬೇಕಾದವಳು, ಪೇಟೆ ಸೇರಿದ ಮೇಲೆ ಇವಳಿಗೆ ನಮ್ಮ ಗಂಗಮ್ಮ ಒಗ್ಗುವುದಿಲ್ಲ ಎಂದು ಊರೆಲ್ಲ ನಗೆಯಾಡಿದಳು. ಆ ವಾರವೇ ಅವಳಿಗೆ ವಾಂತಿಭೇದಿ ಹಿಡಿಯಿತು. ಬಿಸಿಲಿನ ಝಳ ಎಂದರು ಎಲ್ಲರೂ. ನನಗೆ ತಡೆಯಲಾಗಲಿಲ್ಲ, ಅಮ್ಮನ ಮುಂದೆ ಎಲ್ಲವನ್ನೂ ಹೇಳಿಕೊಂಡು ಅತ್ತುಬಿಟ್ಟೆ.

ಅಮ್ಮ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.

“ನಮ್ಮಿಬ್ರಲ್ಲೇ ಇರ್ಲಿ ಕಣೇ. ಊರೋರಿಗೆ ಗೊತ್ತಾದ್ರೆ ನಿಮ್ಮಾವನ ಮನೆ ಮುಂದೆ ಹೋಗಿ ನಿಲ್ತಾರೆ. ಆಮೇಲೆ ನೀನೂ ನಿನ್ ಮಗೂನೂ ಎಲ್ಲಿಗ್ ಹೋಗ್ತೀರ?”

ಅಜ್ಜಿ ಬದುಕಿದಳು. ಎದ್ದು ಓಡಾಡುವಂತಾದ ಮೊದಲ ಬೆಳಗ್ಗೆಯೇ ಎಂದಿನಂತೆ ಹೊಳೆಗೆ ಬಂದಳು. ನಾನು ದಡದಲ್ಲಿ ಕೂತಿದ್ದೆ. ಅಮ್ಮ ಚಿಲುಮೆ ತೋಡಿ, ಕದಡಿದ್ದನ್ನು ಎತ್ತಿ ಚೆಲ್ಲಿ, ತಿಳಿಯಾಗಲು ಕಾದಳು. ತಿಳಿಯಾದ ಮೊದಲ ಕರಟದ ನೀರನ್ನು ತೋಡಿದವಳು ತಾನು ಇಟ್ಟುಕೊಳ್ಳುವಂತಿಲ್ಲ, ಪಕ್ಕದಲ್ಲಿರುವವರಿಗೆ ಕೊಡಬೇಕು. ನಮ್ಮೂರಿನ ಪದ್ಧತಿ ಅದು. ಪಕ್ಕದಲ್ಲಿ ಅಜ್ಜಿ ಮೊಣಕಾಲು ಹಿಡಿದುಕೊಂಡು ಕೂತಿದ್ದಳು.

ಅಮ್ಮ ಕರಟ ಹಿಡಿದುಕೊಂಡೇ ನನ್ನನ್ನು ನೋಡಿದಳು. ನಾನು ಬೇಡ ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು. ಬಾಯಿ ಬರಲಿಲ್ಲ. ಅಮ್ಮ ಕೊಟ್ಟಳು. ಅಜ್ಜಿ ಒಂದೇ ಗುಟುಕಿಗೆ ಕುಡಿದು, ಕರಟ ಹಿಂದಿರುಗಿಸಿ, ನನ್ನ ಕಡೆ ಕೈಯೆತ್ತಿದಳು.

“ನಿನ್ ಮಗಳ ಹೊಟ್ಟೆ ತಣ್ಣಗಿರ್ಲಮ್ಮಾ.”

ಅಮ್ಮ ಬಿಂದಿಗೆ ತುಂಬಿಕೊಂಡು ಮನೆಗೆ ಬಂದು, ನನಗೆಂದು ನೀರನ್ನು ಒಲೆಯ ಮೇಲಿಟ್ಟಳು.