ಬಲಗೈಯ ಮರ್ಯಾದೆ

ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಒಂದು ಹನಿಯೂ ಚೆಲ್ಲದಂತೆ ಕತ್ತರಿಸುವ ವಿದ್ಯೆ ಅರವತ್ತು ದಾಟಿದರೂ ನನಗೆ ಸಿದ್ಧಿಸಿಲ್ಲ. ಕಾಲೇಜಿನಲ್ಲಿ ಮೂರು ದಶಕ ಛಂದಸ್ಸು ಕಲಿಸಿದ ಈ ಕೈ, ಬೆಳಗಾವಿಯ ನಮ್ಮ ಅಡಿಗೆಮನೆಯ ಕಟ್ಟೆಯ ಮೇಲೆ ದಿನಕ್ಕೊಂದು ಕ್ಷೀರಸಾಗರವನ್ನು ಸೃಷ್ಟಿಸುತ್ತದೆ. ನನ್ನ ಹೆಂಡತಿ ಒದ್ದೆ ಅರಿವೆ ಹಿಡಿದು ಪಕ್ಕದಲ್ಲೇ ಸಿದ್ಧಳಾಗಿ ನಿಂತಿರುತ್ತಾಳೆ. ಆದರೂ ಈ ಅಪರಾಧಕ್ಕಾಗಿ ಯಾರೂ ನನ್ನನ್ನು ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂರಿಸುತ್ತೇವೆಂದು ಹೆದರಿಸಿರಲಿಲ್ಲ. ಆ ಭಾಗ್ಯ ಒದಗಿದ್ದು ಆರು ವರ್ಷದ ನನ್ನ ಮೊಮ್ಮಗಳು ಇಂಚರಳಿಗೆ.

ಅವಳ ಶಾಲೆಯಲ್ಲಿ ಈಚೆಗೆ ಮಕ್ಕಳ ‘ಚಲನ ಸಾಮರ್ಥ್ಯ’ವನ್ನು ಪರೀಕ್ಷಿಸುತ್ತಾರೆ. ಚೆಂಡನ್ನು ಬುಟ್ಟಿಗೆ ಎಸೆಯಬೇಕು, ಸೀಮೆಸುಣ್ಣದಲ್ಲಿ ವೃತ್ತ ಬರೆಯಬೇಕು. ಇಂಚರಳ ಚೆಂಡು ಅವಳ ಪಾದದ ಬಳಿಯೇ ಬಿತ್ತಂತೆ, ವೃತ್ತ ಬದನೆಕಾಯಿಯಾಯಿತಂತೆ. ಪರೀಕ್ಷೆ ಮಾಡಿದ ಮೇಡಂ ನಮ್ಮನ್ನು ಕರೆಸಿ, ಬಹಳ ಮೆತ್ತಗೆ, “ಕೈ ಇನ್ನೂ ಪಕ್ವ ಆಗಿಲ್ರೀ ಸರ, ಇನ್ನೊಂದು ವರ್ಷ ಇದೇ ಕ್ಲಾಸಿನ್ಯಾಗ ಇರಲಿ” ಎಂದರು. ನನ್ನ ಮೈಯೆಲ್ಲ ಉರಿಯಿತು. ಎಡಗೈಯಲ್ಲಿ ಕಲ್ಲೆಸೆದು ಎತ್ತರದ ಕೊಂಬೆಯ ಮಾವಿನಕಾಯಿ ಉದುರಿಸುವ ಹುಡುಗಿ ಅವಳು! ಬೇಕಾದರೆ ಪಕ್ಕದ ಮನೆಯ ಕಿಟಕಿಯ ಗಾಜನ್ನು ಕೇಳಿ.

ಮನುಷ್ಯನ ಕೈಕಾಲು ಹೇಗೆ ಆಡಬೇಕೆಂಬ ಬಗ್ಗೆ ಒಂದೊಂದು ಕಾಲಕ್ಕೆ ಒಂದೊಂದು ಹಟ, ನೋಡಿ. ಖಾನಾಪುರದಲ್ಲಿ ನಾನು ಬೆಳೆದ ಮನೆಯಲ್ಲಿ ಎಡಚಿಯಾದ ಸೋದರತ್ತೆಯೊಬ್ಬಳಿದ್ದಳು. ಎಡಗೈಯಲ್ಲಿ ಲಟ್ಟಿಸಿದ ಅವಳ ಹೋಳಿಗೆ ಕೈವಾರ ಇಟ್ಟು ಬರೆದಂತೆ ದುಂಡಗಿರುತ್ತಿತ್ತು. ಪಂಕ್ತಿಗೆ ಬಡಿಸುವಾಗ ಮಾತ್ರ ಬಲಗೈ ಕಡ್ಡಾಯ, ಸಾರೆಲ್ಲ ಎಲೆಯಾಚೆ. “ಕೈಯಾಗ ಜೀವಾನ ಇಲ್ಲ ಇಕೀಗೆ” ಎಂದು ಅವಳ ಹೋಳಿಗೆ ತಿಂದವರೇ ಆಡಿಕೊಂಡರು. ಆಗ ಕೈಯ ಯೋಗ್ಯತೆಯೆಂದರೆ ಮಡಿಯ ಪ್ರಶ್ನೆ. ನಾನು ಶಾಲೆಗೆ ಹೋಗುವ ಹೊತ್ತಿಗೆ ಅದು ಶಿಸ್ತಿನ ಪ್ರಶ್ನೆಯಾಗಿತ್ತು: ಡ್ರಿಲ್ ಮಾಸ್ತರರ ಸೀಟಿಗೆ ನಾವೆಲ್ಲ ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಲ್ಲಿ ಎರಕ ಹೊಯ್ದ ಬಿಡಿಭಾಗಗಳಂತೆ ಒಂದೇ ಸಮನಾಗಿ ಕಾಲೆತ್ತಬೇಕಿತ್ತು, ಒಬ್ಬನ ಕಾಲು ಮಾತ್ರ ಸದಾ ತಡವಾಗುತ್ತಿತ್ತು, ಆ ಒಬ್ಬ ಯಾರೆಂದು ನಿಮಗೆ ಹೇಳಬೇಕಿಲ್ಲ. ಈಗಿನ ಪಂಡಿತರ ಮಾತು ಕೇಳಲು ಎಷ್ಟು ಚೆಂದ! ಕೌಶಲ ಹಣೆಬರಹವಲ್ಲ, ಅದು ಬೆಳೆಯುವಂಥದು, ಮಗುವಿನ ಮನೆ, ಆಡಿದ ಅಂಗಳ, ಕಲಿತ ನಡೆನುಡಿ ಎಲ್ಲವೂ ಅದರಲ್ಲಿ ಸೇರಿವೆ ಎನ್ನುತ್ತಾರೆ. ಇಷ್ಟೆಲ್ಲ ತಿಳಿದ ಮೇಲೂ ಒಂದು ಚೆಂಡು, ಒಂದು ಬುಟ್ಟಿ ಇಟ್ಟುಕೊಂಡು ಮಗುವಿನ ಒಂದು ವರ್ಷವನ್ನೇ ಕಿತ್ತುಕೊಳ್ಳುವುದೆಂದರೆ ಸಿಟ್ಟು ಬಾರದೆ ಇನ್ನೇನು?

ಸಂಜೆ ಇಂಚರಳನ್ನು ಕೂರಿಸಿಕೊಂಡು, ಎಡಗೈಯಲ್ಲಿ ಯಾಕೆ ಎಸೆಯಲಿಲ್ಲವೆಂದು ಕೇಳಿದೆ.

“ಮೇಡಂ ಚೆಂಡು ಕೈಯಾಗ ಕೊಟ್ರು ಅಜ್ಜಾ. ದೊಡ್ಡವ್ರು ಕೊಟ್ಟಿದ್ದು ಎಡಗೈಲೆ ತಗೋಬಾರ್ದಲ್ಲ? ಅಜ್ಜಿ ಬೈತಾಳ.”

ಬಲಗೈಯಲ್ಲಿ ತೆಗೆದುಕೊಂಡಳು, ಅವರೆದುರೇ ಕೈ ಬದಲಿಸುವುದು ಅಗೌರವವೆಂದು ಬಲಗೈಯಲ್ಲೇ ಎಸೆದಳು. ಸೀಮೆಸುಣ್ಣದ ಗತಿಯೂ ಅದೇ. ನಾವು ಕಲಿಸಿದ ಸಭ್ಯತೆಯನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ್ದಕ್ಕೆ ಅವಳಿಗೆ ಅಪಕ್ವಳೆಂಬ ಬಿರುದು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ನನ್ನ ಹೆಂಡತಿ ಒಳಗೆ ಹೋದಳು.

ಮರುದಿನ ಶಾಲೆಯಲ್ಲಿ ಇದನ್ನೆಲ್ಲ ಹೇಳಿ ನಾನು ಗುಡುಗಿದೆ. ಮೇಡಂ ವಾದಿಸಲಿಲ್ಲ. “ಅಯ್ಯ, ನಮ್ಮ ಮನ್ಯಾಗೂ ಹಂಗ ಕಲಿಸ್ಯಾರಲ್ರೀ” ಎಂದು, ಚೆಂಡನ್ನು ನೆಲದ ಮೇಲಿಟ್ಟು ಹಿಂದೆ ಸರಿದರು. ಇಂಚರಾ ಅದನ್ನು ಎಡಗೈಯಲ್ಲಿ ಎತ್ತಿ ನೇರ ಬುಟ್ಟಿಗೆ ಹಾಕಿದಳು. ವೃತ್ತವೂ ದುಂಡಗೆ ಬಂತು. ಕೊನೆಗೆ ಸೀಮೆಸುಣ್ಣವನ್ನು ಬಲಗೈಗೆ ಬದಲಾಯಿಸಿಕೊಂಡು, ವಿನಯದಿಂದ ಮೇಡಂಗೆ ಹಿಂತಿರುಗಿಸಿದಳು. ಮುಂದಿನ ತರಗತಿ ಅವಳ ಪಾಲಿಗೆ ಉಳಿಯಿತು. ಆದರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಸೋದರತ್ತೆಗೆ ಅಂಥ ಎರಡನೆಯ ಸರದಿಯನ್ನು ಯಾರೂ ಕೊಡಲಿಲ್ಲ. ಕೈಯಲ್ಲಿ ಜೀವವಿಲ್ಲದವಳೆಂದು ಅನ್ನಿಸಿಕೊಂಡೇ ಅವಳು ತೀರಿಹೋದಳು.

ಇಂದು ಬೆಳಿಗ್ಗೆ ಇಂಚರಾ ನನ್ನಿಂದ ಕತ್ತರಿ ಕಸಿದುಕೊಂಡು, ಎಡಗೈಯಲ್ಲಿ ಪ್ಯಾಕೆಟ್ಟಿನ ಮೂಲೆಯನ್ನು ಹನಿ ಚೆಲ್ಲದಂತೆ ಕತ್ತರಿಸಿದಳು. ನನಗೆ ಕೊಡಲು ಬಲಗೈಯಲ್ಲಿ ಎತ್ತಿದಳು; ಪ್ಯಾಕೆಟ್ಟು ಓಲಾಡಿತು. ಅರಿವೆ ಹಿಡಿದು ನಿಂತಿದ್ದ ಅಜ್ಜಿ, “ಎಡಗೈಲೇನ ಕೊಡವಾ, ಚೆಲ್ತದ” ಎಂದಳು. ಇಂಚರಾ ಅವಳ ಮುಖವನ್ನೊಮ್ಮೆ ನೋಡಿ ಕೈ ಬದಲಿಸಿದಳು. ನಾನೂ ಎಡಗೈಯನ್ನೇ ಚಾಚಿ ತೆಗೆದುಕೊಂಡೆ. ಹಾಲು ಕಟ್ಟೆಯ ತುಂಬ ಚೆಲ್ಲಿತು, ಈ ಸಲವೂ ನನ್ನ ಕೈಯಿಂದಲೇ.