ಅಕ್ಕನ ಖಾಲಿ ಕೊಳವೆ

ನನ್ನ ಮಗಳನ್ನು ಎತ್ತಿಕೊಳ್ಳಲು ಅಕ್ಕ ಚಾಚಿದ ಕೈಗಳು ಈಗಲೂ ಕಣ್ಣ ಮುಂದಿವೆ. ಬುಡಕ್ಕೆ ಕತ್ತರಿಸಿದ ಉಗುರು, ಎಡ ಮಣಿಕಟ್ಟಿನಲ್ಲಿ ಚಿಕ್ಕಂದಿನಲ್ಲಿ ಬೇಲಿಯ ಮುಳ್ಳು ಗೀರಿದ ಬಿಳಿ ಗೆರೆ. ಆ ಕೈಗಳಿಗೆ ನಾನು ಮಗುವನ್ನು ಕೊಡಲಿಲ್ಲ.

ಅಕ್ಕ ಅಣುಶಕ್ತಿ ಎಂಜಿನಿಯರಿಂಗಿನ ಪ್ರೊಫೆಸರು. ತಮಿಳುನಾಡಿನ ನಮ್ಮೂರು ಮೇಚೇರಿಯ ಸರ್ಕಾರಿ ಶಾಲೆಯಿಂದ ಸೇಲಂ, ಅಲ್ಲಿಂದ ಚೆನ್ನೈ ಅಂತ ಓದಿಕೊಂಡೇ ಹೋದವಳು. ನಾನು ಐದನೇ ಕ್ಲಾಸಿಗೆ ಬಿಟ್ಟು ಕುರಿ ಹಿಂದೆ ಹೋದವನು, ಅದೂ ತಮಿಳಿನಲ್ಲಿ ಓದಿದ್ದು. ಮನೆಮಾತು ಕನ್ನಡವಾದರೂ ಅದರ ಅಕ್ಷರ ನಮಗೆ ಯಾರೂ ಕಲಿಸಿರಲಿಲ್ಲ. ಅಕ್ಕ ಕಾಲೇಜಿನ ಗೆಳತಿಯಿಂದ ಕಲಿತು, ರಜೆಗೆ ಬಂದಾಗ ದೊಡ್ಡಿಯ ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ನನಗೂ ಕಲಿಸಿದಳು. ಇದನ್ನು ನಾನು ಬರೆಯುತ್ತಿರುವುದೇ ಅವಳಿಂದ.

ಏನು ಕೆಲಸ ಎಂದು ಕೇಳಿದರೆ ಅಪ್ಪನ ಕುರಿದೊಡ್ಡಿಯನ್ನು ತೋರಿಸುತ್ತಿದ್ದಳು. ಅಪ್ಪ ಬಿದಿರ ತಟ್ಟಿ ಕಟ್ಟಿ, ಅದರ ಸುತ್ತ ಮುಳ್ಳು ಹಾಕಿ, ನಾಯಿಯನ್ನೂ ಬಿಟ್ಟು, ಆಮೇಲೂ ಬಾಗಿಲಿಗೆ ಅಡ್ಡವಾಗಿ ತಾನೇ ಮಲಗುತ್ತಿದ್ದ. ನಾಯಿ ಐತಲ್ಲ ಅಂದರೆ, "ನಾಯ್ಗೂ ನಿದ್ದೆ ಬತ್ತದೆ" ಅನ್ನುತ್ತಿದ್ದ.

"ನಂದೂ ಅದೇ ಕೆಲ್ಸ ಕಣ್ಲಾ. ಅಣು ಇಂಧನ ತುಂಬೋ ಕೊಳವೆ ಮೊದಲ್ನೇ ತಟ್ಟಿ. ತಣ್ಣಗಿಡೋ ನೀರು ನಿಂತೋದ್ರೆ ಅದು ಎಲ್ಲಿ ಒಡೀತದೆ ಅಂತ ಕಾಯ್ಸಿ ಕಾಯ್ಸಿ ನೋಡ್ತೀನಿ. ನನ್ ಲ್ಯಾಬ್ನಾಗೆ ಒಡುದ್ರೆ ಅಣು ಸ್ಥಾವರದಾಗೆ ಒಡೀದಂಗೆ ಮಾಡ್ಬೋದು."

ನಮ್ಮ ಮನೆಯಲ್ಲೂ ಮಲಗುವ ಮುಂಚೆ ಗ್ಯಾಸ್ ಮುಚ್ಚಿದೆಯೇ ಎಂದು ನೋಡುತ್ತಿದ್ದಳು. ನಾನು ನೋಡಿದೆ ಎಂದರೂ ಎದ್ದು ಹೋಗುತ್ತಿದ್ದಳು. "ನೋಡ್ದೆ ಅಂದೋರ್ ಹಿಂದೆ ಇನ್ನೊಂದ್ಸಲ ನೋಡಾಕೇ ನಂಗೆ ಸಂಬ್ಳ ಕೊಡೋದು" ಎಂದು ನಗುತ್ತಿದ್ದಳು.

ಮಗಳು ಹುಟ್ಟಿದ ಸುದ್ದಿ ಕೇಳಿ ಲ್ಯಾಬಿನಿಂದ ನೇರ ಬಸ್ಸು ಹತ್ತಿ ಬಂದಳು. ಅದಕ್ಕೆ ಮುಂಚಿನ ಸಂತೆಯಲ್ಲಿ ಒಬ್ಬ, "ಏನ್ಲಾ, ನಿಮ್ಮಕ್ಕ ಅಣುಬಾಂಬ್ ಮೈಗೆ ಮೆತ್ಕೊಂಡು ಬತ್ತಾಳಂತೆ, ಕೂಸು ಜ್ವಾಪಾನ" ಎಂದಿದ್ದ. ಎಲ್ಲರೂ ನಕ್ಕರು. ನಾನು ನಂಬಿದೆ. ನಮ್ಮಲ್ಲಿ ಕುರಿ ಈಯುವ ಕಾಲಕ್ಕೆ ಬೇರೆ ಮಂದೆಯವರನ್ನು ದೊಡ್ಡಿಗೆ ಬಿಡುವುದಿಲ್ಲ. ಅಲ್ಲಿನ ರೋಗ ಕಾಲಿಗಂಟಿ ಬರುತ್ತದೆಂದು ಕಾಲು ತೊಳೆಸಿ ಆಚೆಯೇ ಕೂರಿಸುತ್ತೇವೆ. ಆ ಕಟ್ಟಳೆಯನ್ನು ಅಕ್ಕನಿಗೂ ಹಾಕಿದೆ. ಬಾಗಿಲಲ್ಲಿ ಬಕೆಟ್ ಇಟ್ಟು, "ಕಾಲ್ ತೊಳ್ಕೊಂಡು ಜಗಲಿ ಮ್ಯಾಲೇ ಕೂತ್ಕೋ ಅಕ್ಕಾ" ಎಂದೆ.

ಅಕ್ಕ ಬಕೆಟ್ ನೋಡಿ ಚಾಚಿದ ಕೈ ಇಳಿಸಿದಳು. ಏನೋ ಹೇಳಿದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲು ತೊಳೆದು, ಕಿಟಕಿಯಿಂದ ಮಗುವನ್ನು ನೋಡಿ, "ಮೂಗು ಅಪ್ಪಂದೇ" ಎಂದು ಹೊರಟುಬಿಟ್ಟಳು.

ಮುನಿಸಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. ಮಗಳು ಪ್ಲಸ್ ಟೂ ಮುಗಿಸಿದಾಗ ತನ್ನ ಮನೆಯಲ್ಲೇ ಇಟ್ಟುಕೊಂಡು ಕಾಲೇಜು ಓದಿಸಿದವಳು ಇದೇ ಅಕ್ಕ. ಜ್ವರ ಬಂದರೆ ತಲೆದೆಸೆಯಲ್ಲಿ ಕೂತವಳೂ ಅವಳೇ.

ಹೋದ ವರ್ಷ ನಿವೃತ್ತಿಯ ದಿನ ನನ್ನನ್ನು ಲ್ಯಾಬಿಗೆ ಕರೆದೊಯ್ದಳು. ಮೇಜಿನ ಮೇಲೆ ಕಿರುಬೆರಳು ದಪ್ಪದ, ಹೊಟ್ಟೆ ಉಬ್ಬಿ ಒಡೆದ ಕೊಳವೆಗಳು. ನಾನು ಹಿಂದೆ ಸರಿದೆ.

"ಹಿಡ್ಕಳಲಾ, ಖಾಲಿ ಐತೆ. ಇಂಧನ ಇರೋದ್ನ ನೋಡೋ ಜಾಗ ಬ್ಯಾರೆ. ನಾ ಒಡ್ದಿದ್ದೆಲ್ಲ ಬರೀ ಗಾಳಿ ತುಂಬಿದ್ ಕೊಳವೆ."

ಅದು ಜೋಳದ ದಂಟಿನಷ್ಟು ಹಗುರವಿತ್ತು.

"ಅವತ್ತೇ ಯಾಕ್ ಹೇಳ್ಲಿಲ್ಲ ಅಕ್ಕಾ?"

"ಯೋಳ್ದೆ ಕಣ್ಲಾ. ನಿನ್ ಕಿವಿ ಸಂತೇಲಿತ್ತು." ನಕ್ಕಳು. "ಪರವಾಯಿಲ್ಲ ಬುಡು. ಗೊತ್ತಿಲ್ದಾಗ ಬೇಲಿ ಹಾಕಿದ್ದು ತಪ್ಪಲ್ಲ."

ಕೊಳವೆ ಅವಳ ಅಂಗೈಯಲ್ಲಿಟ್ಟು ಆ ಕೈಗಳನ್ನು ಹಿಡಿದುಕೊಂಡೆ.

"ತಪ್ಪೇ ಅಕ್ಕಾ. ನಮ್ಮನ್ನ ಕಾಯೋಳ್ಗೇ ಬೇಲಿ ಹಾಕ್ಬುಟ್ಟೆ. ಕೂಸ್ನ ಅವತ್ತು ನಿನ್ ಕೈಗೆ ಕೊಡ್ಬೇಕಿತ್ತು. ನನ್ನ ಮನ್ನಿಸ್ಬುಡು."